ಬೆಟನ್ ಕರೆದದ್ದೇಕೆ?

14ನೇ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಲ್ಯಾಂಗ್ಲೆಂಡ್ ಬರೆದ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲಿ, ಹೊಟ್ಟೆಬಾಕತನವೇ ಮೈವೆತ್ತಂತಿರುವ ಗ್ಲಟನ್ ತನ್ನ ಪಾಪಗಳನ್ನು ಒಪ್ಪಿಕೊಳ್ಳಲು ಚರ್ಚಿಗೆ ಹೊರಡುತ್ತಾನೆ. ದಾರಿಯಲ್ಲಿ ಬೆಟನ್ ಎಂಬ ಹೆಂಗಸು ಮಾತನಾಡಿಸುತ್ತಾಳೆ. ಏಲ್ ಎಂಬ ಧಾನ್ಯಮದ್ಯ ತಯಾರಿಸಿ ಮಾರುವುದು ಅವಳ ಕಸುಬು. ಖಾರದ್ದೇನಾದರೂ ಇದೆಯೇ ಎಂದು ಇವನು ಕೇಳಿದರೆ ಮೆಣಸಿದೆ, ಬೆಳ್ಳುಳ್ಳಿಯಿದೆ, ಉಪವಾಸದ ದಿನಕ್ಕೆಂದು ಕಾಸಿನಷ್ಟು ಸೋಂಪೂ ಇದೆ. ಚರ್ಚು ಅಲ್ಲಿಗೇ ಮರೆತುಹೋಗುತ್ತದೆ. ಅವಳ ಮದ್ಯದಂಗಡಿಯೊಳಗೆ ಚಮ್ಮಾರ, ಕಲಾಯಿಯವ, ಬಾಡಿಗೆ ಕುದುರೆಯವ, ಕೊನೆಗೆ ಚರ್ಚಿನ ಗುಮಾಸ್ತನೂ ಕೂತಿದ್ದಾರೆ. ಮೇಲಂಗಿಗೂ ಟೋಪಿಗೂ ಬೆಲೆ ಕಟ್ಟಿ ಅದಲುಬದಲು ಮಾಡುವ ಆಟ ನಡೆದಿದೆ. ಕುಡಿತದ ವಿರುದ್ಧದ ಉಪದೇಶವಾಗಿ ಈ ಭಾಗ ಗೆದ್ದಿದೆ. ಆದರೆ ಕುಡಿದವನನ್ನು ನೋಡಿದಷ್ಟು ನಿಟ್ಟಿಸಿ ಕವಿ ಮದ್ಯ ಕಾಯಿಸಿದವಳನ್ನು ನೋಡಿಲ್ಲ ಎಂಬುದು ನನ್ನ ತಕರಾರು.

ಬೆಟನ್‌ಳ ಕರೆಯನ್ನು ಪಾಪದ ಆಮಿಷವೆಂದೇ ಓದುವಂತೆ ಕಾವ್ಯ ನಮ್ಮನ್ನು ಒಯ್ಯುತ್ತದೆ. ಅವಳ ಕಸುಬನ್ನು ಬಲ್ಲವರಿಗೆ ಆ ಕರೆಯಲ್ಲಿ ಬೇರೊಂದು ಅವಸರ ಕೇಳಿಸುತ್ತದೆ. ಅಂದಿನ ಏಲ್‌ಗೆ, ಮದ್ಯ ಬೇಗ ಕೆಡದಂತೆ ಕಾಯುವ ಹಾಪ್ಸ್ ಹೂ ಬೀಳುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಅದು ಹುಳಿಯಾಗುತ್ತಿತ್ತು. ಕಾಯಿಸಿದ್ದನ್ನು ಬೇಗ ಮಾರದಿದ್ದರೆ ಧಾನ್ಯವೂ ಸೌದೆಯೂ ದುಡಿಮೆಯೂ ಮಣ್ಣುಪಾಲು. ಆದ್ದರಿಂದಲೇ ಹೊಸ ಏಲ್ ಸಿದ್ಧವಾದಾಗ ಮನೆಯ ಮುಂದೆ ಗುರುತಿಗೆಂದು ಕೋಲು ಚಾಚುತ್ತಿದ್ದರು. ಅದು ಬೀದಿಯ ಮೇಲೆ 7 ಅಡಿಗಿಂತ ಹೆಚ್ಚು ಚಾಚಬಾರದೆಂದು ಲಂಡನ್ ನಗರ ನಿಯಮ ಮಾಡಬೇಕಾಯಿತು. ಹೀಗೆ ಮಾರುತ್ತಿದ್ದವರಲ್ಲಿ ಬಹುಪಾಲು ಮನೆವಾರ್ತೆಯ ನಡುವೆ ನಾಲ್ಕು ಕಾಸು ನೋಡುತ್ತಿದ್ದ ಹೆಣ್ಣುಮಕ್ಕಳು.

ಅವರು ಮೋಸ ಮಾಡುತ್ತಿರಲಿಲ್ಲವೇ ಎಂದು ಕೇಳಬಹುದು. ಇದೇ ಕಾವ್ಯದ ರೋಸ್ ಎಂಬವಳು ತೆಳು ಏಲನ್ನೂ ಗಟ್ಟಿ ಏಲನ್ನೂ ಬೆರೆಸಿ ಕೂಲಿಯವರಿಗೆ ಸುರಿಯುತ್ತಾಳೆ, ಉತ್ತಮವಾದದ್ದನ್ನು ಒಳಕೋಣೆಯಲ್ಲಿಡುತ್ತಾಳೆ. ಅಂಥವರು ಇದ್ದಿರಲೇಬೇಕು. ಆದರೆ 13ನೇ ಶತಮಾನದ ಏಲ್ ಕಾನೂನಿನಡಿ ಊರಿನ ನ್ಯಾಯಸಭೆಗಳು ಕಾಯಿಸಿ ಮಾರಿದ ಹೆಚ್ಚುಕಡಿಮೆ ಎಲ್ಲರಿಗೂ ಮತ್ತೆಮತ್ತೆ ಸಣ್ಣ ದಂಡ ಹಾಕುತ್ತಿದ್ದವು. ಹೆಸರಿಗೆ ದಂಡವಾದರೂ ಅದು ಪರವಾನಗಿ ಶುಲ್ಕದಂತೆ ನಡೆಯುತ್ತಿತ್ತು. ಆ ದಾಖಲೆಗಳನ್ನು ಮೋಸದ ಪಟ್ಟಿಯೆಂದು ಓದಿದರೆ ರೋಸ್‌ಳ ಕಳಂಕ ಎಲ್ಲರ ಮೈಗೂ ಮೆತ್ತಿಕೊಳ್ಳುತ್ತದೆ.

ರೂಪಕ ಕಾವ್ಯದಲ್ಲಿ ಕಸುಬಿನ ಲೆಕ್ಕ ಕೇಳುವುದು ಸರಿಯೇ ಎಂಬ ಇನ್ನೊಂದು ಆಕ್ಷೇಪಕ್ಕೆ ಕವಿಯೇ ಉತ್ತರ ಕೊಟ್ಟಿದ್ದಾನೆ. ಗ್ಯಾಲನ್‌ಗೂ ಮೀರಿ ಕುಡಿದು ಬಿದ್ದ ಗ್ಲಟನ್‌ನನ್ನು ಹೆಂಡತಿಯೂ ಮನೆಗೆಲಸದ ಹುಡುಗಿಯೂ ಪಡಬಾರದ ಪಾಡು ಪಟ್ಟು ಹೊತ್ತು ತಂದು ಮಲಗಿಸುತ್ತಾರೆ. ಆ ಭಾರ ಓದುವವರ ತೋಳಿಗೂ ತಟ್ಟುತ್ತದೆ. ಹೆಂಗಸರ ದುಡಿತ ಕವಿಯ ಕಣ್ಣಿಗೆ ಬೀಳದ್ದೇನಲ್ಲ. ಆ ಕಣ್ಣು ಬೆಟನ್‌ಳ ಹಂಡೆಯತ್ತಲೂ ಒಮ್ಮೆ ಹೊರಳಿದ್ದರೆ ಈ ದೊಡ್ಡ ಕಾವ್ಯದ ನ್ಯಾಯ ಇನ್ನಷ್ಟು ದೊಡ್ಡದಾಗುತ್ತಿತ್ತು.