ವಾದಕನ ತನ್ಮಯತೆ ಮತ್ತು ಬಸವಣ್ಣನವರ ಮೂರು ವಚನಗಳು

ವೀಣೆಯನ್ನೋ ಪಿಟೀಲನ್ನೋ ಬಹುಕಾಲ ಸಾಧನೆ ಮಾಡಿದವರಿಗೆ ಒಮ್ಮೊಮ್ಮೆ ಒಂದು ವಿಶಿಷ್ಟ ಸ್ಥಿತಿ ಒದಗುವುದುಂಟು. ಆಗ ಬೆರಳಿಗೆ ಮನಸ್ಸು ಅಪ್ಪಣೆ ಕೊಡಬೇಕಾಗುವುದಿಲ್ಲ. ಒಂದು ಸ್ವರದ ಬೆನ್ನಿಗೆ ಇನ್ನೊಂದು ತಾನಾಗಿ ಬರುತ್ತದೆ. ಹೊತ್ತು ಹೋದದ್ದು ತಿಳಿಯುವುದಿಲ್ಲ. ನುಡಿಸುತ್ತಿರುವವನು ತಾನೆಂಬ ಎಣಿಕೆಯೂ ಹಿಂದೆ ಸರಿದಿರುತ್ತದೆ. ತನ್ಮಯತೆ, ತಲ್ಲೀನತೆ, ಲಯ ಎಂಬ ಮಾತುಗಳು ಕನ್ನಡದಲ್ಲಿ ಈ ಸ್ಥಿತಿಗೇ ಸಲ್ಲುತ್ತವೆ. ಇದು ಹೇಗೆ ಬರುತ್ತದೆ, ಇದೇ ಭಕ್ತಿಯೇ ಅಥವಾ ಭಕ್ತಿಯಂತೆ ತೋರುವ ಬೇರೊಂದೇ ಎಂಬ ಪ್ರಶ್ನೆಗಳು ಸಂಗೀತಗಾರನಿಗೂ ಸಾಧಕನಿಗೂ ಸಮಾನವಾದವು. ಬಸವಣ್ಣನವರ ಮೂರು ವಚನಗಳನ್ನು ಜೊತೆಯಲ್ಲಿರಿಸಿ ಓದಿದಾಗ ಇವಕ್ಕೆ ಉತ್ತರ ದೊರೆಯುತ್ತದೆ. ಬಿಡಿಬಿಡಿಯಾಗಿ ಓದಿದಾಗ ಅವು ಒಂದಕ್ಕೊಂದು ವಿರೋಧವೆಂದೇ ತೋರುತ್ತವೆ.

ಮೊದಲನೆಯದು, ತಾಳಮಾನವನ್ನು ಅರಿಯೆನೆಂದು ಹೇಳಿ, ಒಲಿದಂತೆ ಹಾಡುವೆನೆಂದು ನಿಲ್ಲುವ ವಚನ. ಇದನ್ನು ಮುಂದಿಟ್ಟುಕೊಂಡು, ಭಕ್ತನಿಗೆ ಅಭ್ಯಾಸದ ಕಟ್ಟುಪಾಡು ಬೇಡ, ಭಾವವಿದ್ದರೆ ಸಾಕು ಎಂದು ವಾದಿಸುವವರಿದ್ದಾರೆ. ಈ ವಾದ ಅರ್ಧ ಮಾತ್ರ ನಿಜ. ತಾಳದ ಲೆಕ್ಕ, ಬಾರಿಸುವ ಕ್ರಮ, ಛಂದಸ್ಸಿನ ಗಣವಿಚಾರ ಇವನ್ನು ಒಂದೊಂದಾಗಿ ಹೆಸರಿಸಿ ಅರಿಯೆನೆನ್ನುವವನು ಅವುಗಳ ಗಂಧವೇ ಇಲ್ಲದವನಾಗಿರಲಾರ. ಅಲ್ಲಿ ನಿರಾಕೃತವಾಗಿರುವುದು ಅರಿವಲ್ಲ, ಅರಿವಿನ ಗರ್ವ. ಶಾಸ್ತ್ರವಿಲ್ಲದವನ ಒಲವಿಗೂ ವಚನ ಬಾಗಿಲು ತೆರೆದಿದೆ, ಸಂದೇಹವಿಲ್ಲ. ಆದರೆ ಸೋಮಾರಿತನಕ್ಕೆ ಅದು ಬಾಗಿಲು ತೆರೆದಿಲ್ಲ.

ವಾದ್ಯವಿದ್ಯೆಯ ಅನುಭವವೂ ಇದನ್ನೇ ಹೇಳುತ್ತದೆ. ಸರಳೆ, ಜಂಟಿವರಸೆ, ಅಲಂಕಾರಗಳನ್ನು ಮೂರು ಕಾಲಗಳಲ್ಲಿ ವರ್ಷಗಟ್ಟಲೆ ತಿದ್ದಿದವನ ಕೈಗೆ ಮಾತ್ರ ವೀಣೆಯ 24 ಮೆಟ್ಟಿಲುಗಳು ನೋಡದೆಯೇ ಸಿಕ್ಕುತ್ತವೆ. ಮೆಟ್ಟಿಲುಗಳೇ ಇಲ್ಲದ ಪಿಟೀಲಿನಲ್ಲಂತೂ ಕಿವಿಯೇ ಬೆರಳಿಗೆ ದಾರಿ ತೋರಿಸಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಇಬ್ಬರೂ ಸ್ವತಃ ದೃಷ್ಟಿಹೀನರು. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜರು ಪಿಟೀಲು, ಸಾರಂಗಿ, ತಬಲಾ, ಹಾರ್ಮೋನಿಯಂ ಮೊದಲಾದ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಕಣ್ಣಿನ ನೆರವಿಲ್ಲದ ಕೈಗೆ ಅಭ್ಯಾಸವೇ ಕಣ್ಣು. ಲೆಕ್ಕ ಮೈಗೂಡಿದ ಮೇಲೆ ಅದನ್ನು ಎಣಿಸುವ ಅಗತ್ಯ ಉಳಿಯುವುದಿಲ್ಲ. ‘ಅರಿಯೆ’ ಎಂಬ ಮಾತಿಗೆ ಅರಿತು ಮರೆತ ಸ್ಥಿತಿಯೆಂಬ ಅರ್ಥವೂ ಕೂಡುವುದು ಇಲ್ಲಿಯೇ.

ಆಧುನಿಕ ಮನಶ್ಶಾಸ್ತ್ರವೂ ಈ ಸ್ಥಿತಿಯನ್ನು ಪರಿಶೀಲಿಸಿದೆ. ಹಂಗೇರಿ ಮೂಲದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ವಿದ್ವಾಂಸರು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಂಡೆ ಹತ್ತುವವರು, ಚದುರಂಗದ ಆಟಗಾರರು, ಶಸ್ತ್ರವೈದ್ಯರು, ನರ್ತಕರು, ಸಂಗೀತ ರಚನಕಾರರು ಮೊದಲಾದವರ ಅನುಭವಗಳನ್ನು ಹೋಲಿಸಿ ನೋಡಿ, ಅವರೆಲ್ಲರ ತಲ್ಲೀನತೆಗೆ ‘ಹರಿವು’ ಎಂಬರ್ಥದ ಹೆಸರನ್ನು ಬಳಸಿದರು. ಕೆಲಸದ ಕಾಠಿಣ್ಯವೂ ಮಾಡುವವನ ಕೌಶಲವೂ ಸರಿದೂಗಿದಲ್ಲಿ ಮಾತ್ರ ಈ ಹರಿವು ಉಂಟಾಗುತ್ತದೆ. ಕೆಲಸ ಮಿತಿಮೀರಿದರೆ ಆತಂಕ, ತೀರ ಹಗುರವಾದರೆ ಬೇಸರ ಎಂಬುದು ಅವರ ನಿರ್ಣಯ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ ಎಂಬ ಸಂಶೋಧಕರು 6 ಮಂದಿ ವೃತ್ತಿನಿರತ ಜಾಜ್ ಪಿಯಾನೊ ವಾದಕರ ಮಿದುಳನ್ನು, ಅವರು ನುಡಿಸುತ್ತಿರುವಾಗಲೇ ಯಂತ್ರದ ಮೂಲಕ ಗಮನಿಸಿದರು. ಕಂಠಪಾಠದ ರಚನೆಗಿಂತ ಮನೋಧರ್ಮದಿಂದ ನುಡಿಸುವಾಗ, ತನ್ನನ್ನು ತಾನೇ ಕಾವಲು ಕಾಯುವ ಕೆಲಸಕ್ಕೆ ಸಂಬಂಧಪಟ್ಟ ಮುಂಮಿದುಳಿನ ಕೆಲವು ಭಾಗಗಳ ಚಟುವಟಿಕೆ ತಗ್ಗಿದ್ದು ಕಂಡುಬಂದಿತು. ಒಳಗಿನ ಕಾವಲುಗಾರ ಸುಮ್ಮನಾದಾಗ ನಾದ ಬಿಡುಗಡೆ ಹೊಂದುತ್ತದೆ ಎಂಬ ವಾದಕರ ಮಾತಿಗೆ ಇದು ಒಂದು ಸಮರ್ಥನೆ.

ಆದರೆ ಈ ಹರಿವು ತಾನಾಗಿಯೇ ಶ್ರೇಯಸ್ಕರವೆಂದು ಹೇಳಲಾಗದು. ಅದು ವಿನಾಶಕ್ಕೂ ಒದಗಬಹುದಾದ ಶಕ್ತಿಯೆಂದು ಚಿಕ್‌ಸೆಂಟ್‌ಮಿಹಾಯ್ ಅವರೇ ಎಚ್ಚರಿಸಿದ್ದಾರೆ. ಬಸವಣ್ಣನವರ ಎರಡನೆಯ ವಚನ ನಿಲ್ಲುವುದು ಇಲ್ಲಿ. ಶಿವನು ನಾದಪ್ರಿಯನಲ್ಲ, ವೇದಪ್ರಿಯನೂ ಅಲ್ಲ, ಭಕ್ತಿಪ್ರಿಯನೆಂದು ಸಾರುವ ಆ ವಚನ, ನಾದದಿಂದ ಶಿವನನ್ನು ಮೆಚ್ಚಿಸಿದ ರಾವಣನಿಗೆ ಆಯುಷ್ಯವೇ ಅರ್ಧವಾದುದನ್ನು ನೆನಪಿಸುತ್ತದೆ. ರಾವಣನು ತನ್ನ ಶಿರವನ್ನೇ ಕೊಯ್ದು, ನರಗಳನ್ನೇ ತಂತಿಯಾಗಿ ಬಿಗಿದು ವೀಣೆ ನುಡಿಸಿದನೆಂಬ ಕಥೆ ಪ್ರಸಿದ್ಧವಾದುದು. ಅವನ ತನ್ಮಯತೆಯಲ್ಲಿ ಕೊರತೆಯೇನಿತ್ತು? ಅಭ್ಯಾಸವಿತ್ತು, ಏಕಾಗ್ರತೆಯಿತ್ತು, ದೇಹದ ಹಂಗನ್ನೂ ಅವನು ತೊರೆದಿದ್ದ. ಆದರೂ ಫಲ ವಿಪರೀತವಾಯಿತು. ಇದಕ್ಕೆ ಕಾರಣ ಮೂರನೆಯ ವಚನವನ್ನು ಓದಿದಾಗ ಸ್ಪಷ್ಟವಾಗುತ್ತದೆ.

ಮೂರನೆಯದು ಎಲ್ಲರ ಬಾಯಲ್ಲಿರುವ ವಚನ. ಕಾಯ ದಂಡಿಗೆಯಾಗಬೇಕು, ಶಿರ ಸೋರೆಯಾಗಬೇಕು, ನರ ತಂತಿಯಾಗಬೇಕು, ಬೆರಳು ಕಡ್ಡಿಯಾಗಬೇಕು. ಅದನ್ನು ದೇವನು ಎದೆಗಪ್ಪಿ ನುಡಿಸಬೇಕೆಂಬುದು ಅಲ್ಲಿಯ ಬೇಡಿಕೆ. ಶರೀರವನ್ನು ವೀಣೆಗೆ ಹೋಲಿಸುವುದು ಹೊಸತಲ್ಲ. ಐತರೇಯ ಆರಣ್ಯಕವೇ ಶರೀರವನ್ನು ದೈವೀ ವೀಣೆಯೆಂದು ವರ್ಣಿಸಿ, ಮನುಷ್ಯ ಮಾಡಿದ ವೀಣೆಯೊಡನೆ ಅಂಗಕ್ಕೆ ಅಂಗವನ್ನು ಸರಿಹೊಂದಿಸಿದೆ. ಅಲ್ಲಿರುವುದು ಸಾಮ್ಯದ ನಿರೂಪಣೆ. ಇಲ್ಲಿರುವುದು ಪ್ರಾರ್ಥನೆ: ಶರೀರ ವೀಣೆಯಾಗಿದೆ ಎಂಬ ವರ್ಣನೆಯಲ್ಲ, ವೀಣೆಯಾಗಲಿ ಎಂಬ ಮೊರೆ.

ರಾವಣನ ಕಥೆಯಲ್ಲಿರುವ ಸಾಮಗ್ರಿಯೇ ಇಲ್ಲಿಯೂ ಇದೆ: ಅದೇ ಶಿರ, ಅದೇ ನರ. ಆದರೆ ಅಲ್ಲಿ ವಾದ್ಯವನ್ನು ಮಾಡಿದವನೂ ರಾವಣ, ನುಡಿಸಿದವನೂ ರಾವಣ, ಫಲವನ್ನು ಬೇಡಿದವನೂ ರಾವಣ. ದೇಹವನ್ನು ಕೊಯ್ದರೂ ಕರ್ತೃತ್ವವನ್ನು ಅವನು ಕೊಯ್ಯಲಿಲ್ಲ. ಬಸವಣ್ಣನವರಲ್ಲಿ ಮಾಡುವವನೂ ನುಡಿಸುವವನೂ ದೇವನೇ. ಬೆರಳನ್ನು ಕಡ್ಡಿಯಾಗಿಸಿರುವುದು ವಿಶೇಷವಾಗಿ ಗಮನಾರ್ಹ. ಬೆರಳೆಂಬುದು ವಾದಕನ ಸ್ವಾತಂತ್ರ್ಯದ ಗುರುತು. ಮೀಟುವ ಆ ಬೆರಳೂ ವಾದ್ಯದ ಒಂದು ಅಂಗವಾಗಿ ಹೋದ ಮೇಲೆ ವಾದಕನೆಂದು ಹೇಳಿಕೊಳ್ಳಲು ಭಕ್ತನಲ್ಲಿ ಏನೂ ಉಳಿಯುವುದಿಲ್ಲ.

ಎದೆಗಪ್ಪುವ ಮಾತೂ ಕೇವಲ ಅಲಂಕಾರವಲ್ಲ. 13ನೆಯ ಶತಮಾನದಲ್ಲಿ ಯಾದವರ ದೇವಗಿರಿಯಲ್ಲಿದ್ದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ ಆಲಾಪಿನಿ, ಕಿನ್ನರಿ ಮೊದಲಾದ ದಂಡಿಗೆಯ ವೀಣೆಗಳ ವಿವರಣೆಯಿದೆ. ಆಲಾಪಿನಿಯ ಸೋರೆಯನ್ನು ಎದೆಗಿಟ್ಟುಕೊಂಡು ನುಡಿಸುವುದು ರೂಢಿ. ಸೋರೆಯ ಬಾಯಿ ಎದೆಗೆ ತಾಗಿ ಸಡಿಲುವಾಗ ನಾದದ ಗುಣ ಬದಲಾಗುತ್ತದೆ. ವಾದಕನ ಎದೆಯೇ ನಾದದ ಗೂಡಿನಲ್ಲಿ ಪಾಲುಗೊಳ್ಳುತ್ತದೆ. ಈ ವಾದನಕ್ರಮವನ್ನು ಮನಸ್ಸಿನಲ್ಲಿಟ್ಟು ವಚನವನ್ನು ಓದಿದರೆ, ಭಕ್ತನ ಶಿರದ ಸೋರೆ ಶಿವನ ಎದೆಗೆ ತಾಗಿದಾಗ ಹೊಮ್ಮುವ ನಾದ ಇಬ್ಬರದೂ ಹೌದು, ಒಬ್ಬನದೇ ಅಲ್ಲ ಎಂಬುದು ವೇದ್ಯವಾಗುತ್ತದೆ. ಸಾಮರಸ್ಯವೆಂಬ ತತ್ತ್ವ ಇಲ್ಲಿ ವಾದ್ಯದ ರಚನೆಯಿಂದಲೇ ಮೂಡಿಬಂದಿದೆ.

ಹೀಗೆ ಮೂರು ವಚನಗಳೂ ಮೂರು ಮೆಟ್ಟಿಲುಗಳಾಗುತ್ತವೆ. ಲೆಕ್ಕ ಮೈಗೂಡಿ ಮರೆಯಾಗಬೇಕೆಂಬುದು ಮೊದಲನೆಯದು. ಹಾಗೆ ಬಂದ ತಲ್ಲೀನತೆಯ ಸುಖವನ್ನೇ ಭಕ್ತಿಯೆಂದು ಭ್ರಮಿಸಬಾರದೆಂಬುದು ಎರಡನೆಯದು. ತಲ್ಲೀನನಾದವನು ನುಡಿಸುವ ಹಕ್ಕನ್ನೂ ಒಪ್ಪಿಸಿಬಿಡಬೇಕೆಂಬುದು ಮೂರನೆಯದು. ವಾದಕನು ತನ್ನನ್ನು ಮರೆಯುವುದು ಕಲೆಯ ಸಿದ್ಧಿ. ಆದರೆ ಕಚೇರಿ ಮುಗಿದು ಚಪ್ಪಾಳೆ ಎದ್ದೊಡನೆ ಮರೆತ ‘ನಾನು’ ಮರಳಿ ಬಂದು ಪೀಠದಲ್ಲಿ ಕುಳಿತುಕೊಳ್ಳುತ್ತದೆ. ವಾದ್ಯಕ್ಕೆ ಆ ಅಪಾಯವಿಲ್ಲ. ಚಪ್ಪಾಳೆ ವೀಣೆಗೆ ಸಲ್ಲುವುದಿಲ್ಲ. ಅದು ಗೋಡೆಗೊರಗಿ ಮುಂದಿನ ಸ್ಪರ್ಶವನ್ನು ಕಾಯುತ್ತಿರುತ್ತದೆ. ಬಸವಣ್ಣನವರು ವಾದಕನ ತನ್ಮಯತೆಯನ್ನು ಬೇಡದೆ ವಾದ್ಯದ ವಿಧೇಯತೆಯನ್ನು ಬೇಡಿದುದರ ಔಚಿತ್ಯವಿರುವುದು ಇಲ್ಲಿಯೇ.