ಕಿವಿಯಿಂದ ಅಳೆದ ಮೈಲೇಜು

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ತುಸು ಹೆಚ್ಚಿದರೆ ಮೈಲೇಜು ಏರುತ್ತದೆ. ಅತಿಯಾದರೆ ಎಂಜಿನ್ ಮುಗ್ಗರಿಸುತ್ತದೆ. ಈ ಕಿರಿದಾದ ಅಂತರದಲ್ಲೇ ಹಳೆಯ ಮೆಕ್ಯಾನಿಕ್ಕುಗಳ ಕಸುಬು ಅಡಗಿತ್ತು.

ಅಂಬಾಸಡರ್ ಕಾರಿನಲ್ಲಿ ಗಾಳಿ–ಪೆಟ್ರೋಲ್ ಬೆರೆಸುವ ಎಸ್‌ಯು ಕಾರ್ಬ್ಯುರೇಟರನ್ನೇ ನೋಡಬಹುದು. ಗಾಳಿಯ ಎಳೆತಕ್ಕೆ ಅದರ ಪಿಸ್ಟನ್ ಮೇಲೇಳುತ್ತದೆ. ಅದಕ್ಕೆ ಕೂಡಿಸಿದ ಮೊನಚು ಸೂಜಿ ಪೆಟ್ರೋಲ್ ಹೊರಬರುವ ಜೆಟ್ಟಿನ ಬಾಯಿಯನ್ನು ಬೇಕಾದಷ್ಟೇ ತೆರೆಯುತ್ತದೆ. ಕೆಳಗಿನ ನಟ್ಟು ತಿರುವಿ ಜೆಟ್ ಏರಿಸಿದರೆ ಪೆಟ್ರೋಲ್ ಕಡಿಮೆ, ಇಳಿಸಿದರೆ ಹೆಚ್ಚು. ಪರೀಕ್ಷೆಯಂತೂ ಬಲು ಸೊಗಸು: ಬಿಸಿಯಾದ ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಪಿಸ್ಟನ್ನನ್ನು ಒಂದಿಷ್ಟೇ ಎತ್ತಬೇಕು. ವೇಗ ಕ್ಷಣಕಾಲ ಏರಿ ಮೊದಲಿನಂತಾದರೆ ಮಿಶ್ರಣ ಸರಿ. ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಆರಿಹೋದರೆ ಕಡಿಮೆ. ಮೀಟರಿಲ್ಲ, ಕಿವಿಯೇ ಎಲ್ಲ. ಸ್ಪಾರ್ಕ್ ಪ್ಲಗ್ಗಿನ ತುದಿ ಎರಡನೆಯ ಸಾಕ್ಷಿ: ಕಂದಾದರೆ ಒಳ್ಳೆಯದು, ಮಸಿ ಹಿಡಿದರೆ ದುಂದು, ಬಿಳಿಚಿದರೆ ಅಪಾಯ.

ಕೊನೆಯ ತೀರ್ಪು ರಸ್ತೆಯದು. ಟ್ಯಾಂಕ್ ತುಂಬಿಸಿ ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಬೇಕು. ಉದಾಹರಣೆಗೆ, ರಾಣೆಬೆನ್ನೂರು–ಹಾವೇರಿ ಹೆದ್ದಾರಿ ಸಮವೇಗದ ಓಟಕ್ಕೆ ತಕ್ಕದ್ದು. ವರದಾ–ತುಂಗಭದ್ರೆಯರ ಸಂಗಮದ ಗಳಗನಾಥಕ್ಕೆ ಹೋಗುವ ಹಳ್ಳಿದಾರಿಯಲ್ಲಿ ಗೇರು ಬದಲಿಸುತ್ತಲೇ ಇರಬೇಕಾದ್ದರಿಂದ ಲೆಕ್ಕವೇ ಬೇರೆ.

ಇಂಜೆಕ್ಷನ್ ಎಂಜಿನ್ನುಗಳಲ್ಲಿ ಈ ಮಿಶ್ರಣದ ಹದವನ್ನು ಹೊಗೆಕೊಳವೆಯ ಆಮ್ಲಜನಕ ಸೆನ್ಸರ್ ಕ್ಷಣಕ್ಷಣವೂ ಗಮನಿಸುತ್ತದೆ, ಕಂಪ್ಯೂಟರ್ ತಾನೇ ತಿದ್ದಿಕೊಳ್ಳುತ್ತದೆ.