ಪೆಟ್ಟಿಗೆ ಗೋಡೆಯ ಮೇಲಿದೆ, ಬಲ್ಲವರು ಎಲ್ಲಿ?

1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ ಪ್ರಥಮ ಚಿಕಿತ್ಸೆಯ ವಿಷಯದಲ್ಲಿ ತುಂಬ ವಿವೇಕದಿಂದ ಬರೆದದ್ದು. ಪ್ರತಿ 150 ಕಾರ್ಮಿಕರಿಗೆ ಒಂದು ಪೆಟ್ಟಿಗೆ ಇರಬೇಕು, ಅದರಲ್ಲಿ ಗೊತ್ತುಪಡಿಸಿದ ಸಾಮಗ್ರಿ ಬಿಟ್ಟು ಬೇರೇನೂ ಇಡಬಾರದು ಎಂದಿತು. ಅಷ್ಟಕ್ಕೇ ನಿಲ್ಲಲಿಲ್ಲ. ಒಂದೊಂದು ಪೆಟ್ಟಿಗೆಗೂ ತರಬೇತಿಯ ಪ್ರಮಾಣಪತ್ರವಿರುವ ಒಬ್ಬ ಹೊಣೆಗಾರ ಬೇಕು, ಕೆಲಸದ ಹೊತ್ತಿನಲ್ಲಿ ಆತ ಸದಾ ಸಿಗುವಂತಿರಬೇಕು ಎಂದೂ ಹೇಳಿತು.

ಈ ಕೊನೆಯ ಮಾತೇ ಅದರ ಜೀವ. ನಾವು ಕೈಬಿಟ್ಟದ್ದೂ ಅದನ್ನೇ. ಪೆಟ್ಟಿಗೆಯನ್ನು ತನಿಖೆಗೆ ಬಂದವರಿಗೆ ತೋರಿಸಬಹುದು, ಕಲಿತ ಕೈಯನ್ನು ಹಾಗೆ ಗೋಡೆಗೆ ತೂಗುಹಾಕಲಾಗದು. ಎಷ್ಟೋ ಕಡೆ ಪೆಟ್ಟಿಗೆಗೆ ಬೀಗ, ಬೀಗದ ಕೈ ಸೂಪರ್‌ವೈಸರ್ ಜೇಬಿನಲ್ಲಿ. ರಾತ್ರಿ ಪಾಳಿಗೆ ಅವರೇ ಇರುವುದಿಲ್ಲ.

ಬಲ್ಲವರಿಲ್ಲದ ಕಡೆ ಆಗುವುದೇನು? ಕ್ಯಾಂಟೀನಿನಲ್ಲಿ ಬಿಸಿ ಎಣ್ಣೆ ಸಿಡಿದರೆ ಯಾರೋ ಟೂತ್‌ಪೇಸ್ಟ್ ಬಳಿಯುತ್ತಾರೆ. ಬೇಕಾದದ್ದು ನಲ್ಲಿಯ ತಣ್ಣೀರು, ಅದೂ ಸುಮಾರು 20 ನಿಮಿಷ ಹರಿಯಬೇಕು. ಪ್ರೆಸ್ ಮಶೀನಿಗೆ ಸಿಕ್ಕಿ ಬೆರಳು ತುಂಡಾದರೆ ಅದನ್ನು ನೇರವಾಗಿ ಐಸಿನೊಳಗೆ ಹಾಕುತ್ತಾರೆ. ಐಸ್ ತಾಗಿದ ಬೆರಳು ಕೆಡುತ್ತದೆ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಬೇಕು. ಕರೆಂಟ್ ಹೊಡೆದವನನ್ನು ಮೆಯಿನ್ ಆಫ್ ಮಾಡದೆ ಮುಟ್ಟಿದವನೂ ಬೀಳುತ್ತಾನೆ. ಹೃದಯ ನಿಂತವನ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. 108 ವಾಹನ ಎಷ್ಟು ಬೇಗ ಹೊರಟರೂ ಮೊದಲ ಕೆಲವು ನಿಮಿಷ ಪಕ್ಕದಲ್ಲಿ ನಿಂತು ದುಡಿಯುವವರ ಕೈಯಲ್ಲೇ ಇರುತ್ತವೆ. ಇದು ಯಾವುದಕ್ಕೂ ದುಬಾರಿ ಸಲಕರಣೆ ಬೇಡ, ಕಲಿಕೆ ಬೇಕು. ಒಮ್ಮೆ ಕಲಿತರೆ ಸಾಲದು. ಎದೆ ಒತ್ತುವ ಅಭ್ಯಾಸ ಕೆಲವೇ ತಿಂಗಳಲ್ಲಿ ತಪ್ಪುತ್ತದೆ.

ಅಣಕು ಕವಾಯತಿನ ಪಾಡೂ ಇದೇ. ಮೊದಲೇ ಸಾರಿದ ದಿನ ಸೈರನ್ ಕೂಗುತ್ತದೆ, ಎಲ್ಲರೂ ಅಂಗಳಕ್ಕಿಳಿದು ರಿಜಿಸ್ಟರಿಗೆ ಸಹಿ ಹಾಕುತ್ತಾರೆ. ಗುತ್ತಿಗೆಯವರನ್ನೂ ಹೌಸ್‌ಕೀಪಿಂಗಿನವರನ್ನೂ ಕರೆಯುವುದೇ ಅಪರೂಪ. ಕಚೇರಿ ಕಟ್ಟಡಗಳಿಗೆ ಅಪಾಯವಿಲ್ಲವೆಂದು ನಂಬುವವರು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನೆಯಲಿ. 2010ರ ಫೆಬ್ರವರಿ 23ರಂದು ಅಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಮೇಲಿಂದ ಹಾರಿದರು.

ಕಾನೂನು ಬರೆದವರು ಇದರಲ್ಲಿ ಸೋತಿಲ್ಲ, ಅದನ್ನು ಅರ್ಧ ಮಾತ್ರ ಓದಿದ ಆಡಳಿತ ವರ್ಗ ಸೋತಿದೆ. ಪೆಟ್ಟಿಗೆಗಳನ್ನಷ್ಟೇ ಎಣಿಸಿ ಹೋಗುವ ತನಿಖೆಯೂ ಈ ಸೋಲಿನಲ್ಲಿ ಪಾಲುದಾರ. ಮಾಲೀಕರಲ್ಲಿ ಒಂದು ಕೋರಿಕೆ: ಪಾಳಿಗೊಬ್ಬರಿಗಾದರೂ ಅವರಿಗೆ ತಿಳಿಯುವ ಭಾಷೆಯಲ್ಲಿ, ಸಂಬಳ ಕಡಿಯದೆ ತರಬೇತಿ ಕೊಡಿಸಿ. ಪೆಟ್ಟಿಗೆಯ ಬೀಗವನ್ನು ಇವತ್ತೇ ತೆಗೆಸಿ.